ಕಾಣೆಯಾದ ಗೋಡೆ

ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೈಸ್ಕೂಲಿನ ಹೆಡ್‌ಮೇಡಂ ಠಾಣೆಗೆ ಬಂದು, ಗೋಡೆ ಕಾಣೆಯಾಗಿದೆ ಎಂದು ದೂರು ಕೊಟ್ಟರು. ದಫೇದಾರರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ಸೈಕಲ್ಲು, ಸರ, ಹೆಂಡತಿಗೆ ಹೇಳದೆ ಹೋದ ಗಂಡ, ಎಲ್ಲ ಕಾಣೆಯಾದದ್ದನ್ನೂ ಬರೆದುಕೊಂಡಿದ್ದವರು ಅವರು. ಗೋಡೆ ಇದೇ ಮೊದಲು.

ಇನ್‌ಸ್ಪೆಕ್ಟರಿಗೆ ನಗು ಬಂತು. ಆದರೆ ಮೇಡಂ ಮುಖ ನೋಡಿ ನುಂಗಿಕೊಂಡರು. ಸಾರ್ವಜನಿಕ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ಆಯಿತು. ಹತ್ತು ಗಂಟೆಗೆ ಜೀಪು ಹೊರಟಿತು.

ಹೈಸ್ಕೂಲಿನ ಹಿಂಭಾಗದ ಹಳೇ ಹಾಲ್ ಎಷ್ಟೋ ವರ್ಷ ಮುರುಕು ಬೆಂಚುಗಳ ಗೋದಾಮಾಗಿತ್ತು. ಬರುವ ಸೋಮವಾರ ಮುನ್ನೂರು ಮಕ್ಕಳ ಪರೀಕ್ಷೆಗೆಂದು ಕಳೆದ ವಾರವಷ್ಟೇ ತೆರೆದು ತೊಳೆಸಿದ್ದರು. ಶನಿವಾರ ಮಧ್ಯಾಹ್ನ ಬೀಗ ಹಾಕುವಾಗ ಹಿಂದಿನ ಗೋಡೆ ಗೋಡೆಯಾಗಿಯೇ ಇತ್ತು. ಈಗ ಅದರ ನಡುವೆ ಕಮಾನಿನ ಬಾಗಿಲೊಂದು ತೆರೆದುಕೊಂಡು, ಆಚೆಯ ಓಣಿಯ ಬೆಳಕು ಒಳಗೆ ಬಿದ್ದಿತ್ತು. ಕೆಳಗೆ ಕಲ್ಲಿನ ಹೊಸ್ತಿಲು. ಕಾಲುಗಳು ತುಳಿದೂ ತುಳಿದೂ ಅದರ ನಡುಭಾಗ ಸವೆದಿತ್ತು. ಅಲ್ಲೊಂದು ಬಾಗಿಲಿತ್ತೆಂದು ಈಗಿನ ಮೇಷ್ಟ್ರುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನೆಲದ ಮೇಲೆ ಒಂದು ಚೂರು ಗಾರೆಯೂ ಇಲ್ಲ. ಕಿತ್ತ ಇಟ್ಟಿಗೆಗಳನ್ನು ಹೊರಗೆ ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು. ಬಾಗಿಲಿನ ಎರಡು ಅಂಚಿಗೂ ಹೊಸ ಗಾರೆ, ಅದರ ಮೇಲೆ ಒದ್ದೆ ಗೋಣಿತಟ್ಟು. ತಿಂಗಳಿಂದ ಮಳೆಯಿಲ್ಲ, ಆದರೂ ಆ ಖಾಲಿ ಹಾಲಿನಲ್ಲಿ ತೊಟ್ ತೊಟ್ ಎಂದು ನೀರು ಬೀಳುತ್ತಿತ್ತು.

“ಒಡೆಯೋಕೆ ಬಂದವನು ಕಸ ಗುಡಿಸಿ ಹೋಗಿದಾನಲ್ಲ!” ಎಂದರು ಇನ್‌ಸ್ಪೆಕ್ಟರ್.

ಮೂಲೆಯಲ್ಲಿ ಒಗೆದ ಬಟ್ಟೆ ಹಾಸಿ, ಗೋಡೆಯ ಒಳಮೈಯ ಗಾರೆಯ ಅಗಲ ತುಂಡುಗಳನ್ನು ಒಂದರ ಪಕ್ಕ ಒಂದು ಮಲಗಿಸಿಟ್ಟಿದ್ದರು. ಇನ್‌ಸ್ಪೆಕ್ಟರ್ ಒಂದನ್ನು ಕಿಟಕಿಗೆ ಹಿಡಿದರು. ಉದುರಿದ ಸುಣ್ಣದ ಕೆಳಗೆ ಮಸಿ ಹಿಡಿದ ಗೀರುಗಳಿದ್ದವು. ನಾಲ್ಕು ನಾಲ್ಕು ಗೆರೆ, ಒತ್ತೊತ್ತಾಗಿ. ಅವು ಬೆರಳುಗಳು ಕೆರೆದ ಗುರುತು, ಅದೂ ಸಣ್ಣ ಬೆರಳುಗಳು. ತುಂಡನ್ನು ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಕೆಳಗಿಟ್ಟರು.

ಪಂಚನಾಮೆಗೆ ದಫೇದಾರರನ್ನು ಕರೆದರೆ ಅವರು ಮುಂಬಾಗಿಲಲ್ಲೇ ನಿಂತಿದ್ದರು. ದೆವ್ವಕ್ಕೆ ಹೆದರಿದಿರಾ ಎಂದು ಇನ್‌ಸ್ಪೆಕ್ಟರ್ ಛೇಡಿಸಿದರು. ದಫೇದಾರರು ನಗಲಿಲ್ಲ.

“ಈ ಹಾಲ್‌ಗೆ ಒಂದ್ಸಲ ಬಂದಿದೀನಿ ಸಾರ್. ಅದೇ ಸಾಕು.”

ಇಪ್ಪತ್ತೊಂಬತ್ತು ವರ್ಷದ ಹಿಂದೆ, ಶಾಲೆಯ ನಾಟಕದ ತಾಲೀಮಿನ ಹೊತ್ತಿಗೆ ಪರದೆಗೆ ಬೆಂಕಿ ಹತ್ತಿತ್ತು. ಆಗ ಅವರು ಹೊಸ ಪೇದೆ. ಮುಂಬಾಗಿಲು ತೆರೆದೇ ಇತ್ತು, ಬಹಳ ಮಕ್ಕಳು ಪಾರಾದರು. ಒಂಬತ್ತು ಮಕ್ಕಳು ಮಾತ್ರ ಈ ಹಿಂದಿನ ಗೋಡೆಯ ಬುಡದಲ್ಲಿ ಸಿಕ್ಕಿದರು. ನಾಲ್ವರ ಹೆಣಗಳನ್ನು ಹೊತ್ತು ತಂದವರು ಇವರೇ.

“ಬಾಗಿಲು ಬಿಟ್ಟು ಗೋಡೆ ಹತ್ರ ಯಾಕೆ ಓಡಿದ್ರೋ, ಇವತ್ತಿಗೂ ಅರ್ಥ ಆಗಿಲ್ಲ ಸಾರ್.”

ಮಧ್ಯಾಹ್ನ ಎರಡೂವರೆಗೆ ಲೋಕೋಪಯೋಗಿ ಕಚೇರಿಯ ದಾಖಲೆ ಕೋಣೆಯಲ್ಲಿ ಉತ್ತರ ಸಿಕ್ಕಿತು. ತೊಂಬತ್ತು ವರ್ಷದ ಕಟ್ಟಡದ ಮೂಲ ನಕ್ಷೆ ಬಟ್ಟೆಯ ಮೇಲಿತ್ತು. ಬರೆದವನು ಹಾಲಿಗೆ ಎದುರುಬದುರಾಗಿ ಎರಡು ಬಾಗಿಲು ಇಟ್ಟಿದ್ದ, ಎರಡೂ ಹೊರಕ್ಕೆ ತೆರೆಯುವಂಥವು. ಹಿಂದಿನದರ ಮೇಲೆ ಕೆಂಪು ಶಾಯಿಯಲ್ಲಿ ಕಾಟು ಹಾಕಿ, ಮಕ್ಕಳು ಕ್ಲಾಸು ತಪ್ಪಿಸಿ ಓಣಿಗೆ ಓಡುತ್ತಾರಾದ್ದರಿಂದ ಮುಚ್ಚಲಾಗಿದೆ ಎಂದು ಷರಾ ಬರೆದಿತ್ತು. ತಾರೀಕು ನೋಡಿದರೆ ಬೆಂಕಿಗೆ ಬರೀ ನಾಲ್ಕು ತಿಂಗಳ ಮುಂಚಿನದು. ಇನ್‌ಸ್ಪೆಕ್ಟರ್ ನಕ್ಷೆಯನ್ನು ದಫೇದಾರರ ಮುಂದೆ ಹರಡಿದರು. ಅವರು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

ಓಣಿಯ ಸೈಕಲ್ ಷಾಪಿನವನ ಹೇಳಿಕೆಯೂ ಆಯಿತು. ವಯಸ್ಸಾದ ಮೇಸ್ತ್ರಿಯೊಬ್ಬ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಹಾಡಹಗಲೇ ಕೆಲಸ ಮಾಡಿದನಂತೆ. ಸರ್ಕಾರಿ ರಿಪೇರಿ ಇರಬೇಕೆಂದುಕೊಂಡು ಇವನೇ ಎರಡು ಸಲ ಟೀ ಕೊಟ್ಟಿದ್ದ. ಹೆಸರು ಕೇಳಿರಲಿಲ್ಲ.

ಹುಡುಕುವ ಅಗತ್ಯವೇ ಇಲ್ಲ ಎಂದರು ಇನ್‌ಸ್ಪೆಕ್ಟರ್. ಹೋದ ವರ್ಷ ಸ್ವಂತ ಮನೆ ಕಟ್ಟಿಸುವಾಗ, ಹೊಸ ಗಾರೆಗೆ ಎರಡು ಹೊತ್ತು ನೀರು ಹೊಡೆಯಲು ಮರೆತು ಹೆಂಡತಿಯಿಂದಲೂ ಮೇಸ್ತ್ರಿಯಿಂದಲೂ ಚೆನ್ನಾಗಿ ಉಗಿಸಿಕೊಂಡಿದ್ದರು. ಅಷ್ಟು ಚೊಕ್ಕವಾಗಿ ಕೆಲಸ ಮಾಡಿದವನು ಗಾರೆಯನ್ನು ಒಣಗಲು ಬಿಡುವುದಿಲ್ಲ.

ಸಂಜೆ ಐದು ನಲವತ್ತಕ್ಕೆ ಆತ ಬಂದ. ಎಪ್ಪತ್ತು ದಾಟಿದ ಮನುಷ್ಯ, ಕೈಯಲ್ಲಿ ಬಕೆಟ್ಟು. ಪೊಲೀಸರನ್ನು ಕಂಡರೂ ನಿಲ್ಲದೆ, ಗೋಣಿತಟ್ಟಿಗೆ ನೀರು ಚಿಮುಕಿಸಿ ಮುಗಿಸಿಯೇ ತಿರುಗಿದ.

“ಗೋಡೆ ಒಡೆದದ್ದು ನೀವೇನಾ?”

“ಹೌದು ಸಾರ್.”

“ಇಲ್ಲಿ ಬಾಗಿಲಿತ್ತು ಅಂತ ಹೇಗೆ ಗೊತ್ತು?”

“ಮುಚ್ಚಿದ್ದೂ ನಾನೇ.”

“ಈಗ ಯಾಕೆ ತೆಗೆದ್ರಿ?”

“ಮತ್ತೆ ಮಕ್ಕಳನ್ನ ಕೂರಿಸ್ತಾರಂತೆ ಸಾರ್. ಬೇಡ, ಮೊದಲು ಬಾಗಿಲು ತೆಗೆಸಿ ಅಂತ ಮೂರು ಅರ್ಜಿ ಕೊಟ್ಟೆ. ಯಾರೂ ಉತ್ತರ ಕೊಡ್ಲಿಲ್ಲ.”

ಇನ್‌ಸ್ಪೆಕ್ಟರ್ ಗಾರೆಯ ತುಂಡುಗಳ ಕಡೆ ನೋಡಿದರು. ಮುದುಕನೂ ನೋಡಿದ.

“ನನ್ನ ಮಗಳು ಎಂಟನೇ ಕ್ಲಾಸು. ನಮ್ಮನೆ ಈ ಓಣೀಲೇ ಇತ್ತು, ದಿನಾ ಈ ಬಾಗಿಲಿಂದಲೇ ಬರೋಳು. ಹೊಗೇಲಿ ಕಣ್ಣು ಕಾಣ್ಲಿಲ್ಲ ಸಾರ್, ಕಾಲಿಗೆ ರೂಢಿ ಇದ್ದ ಕಡೆ ಓಡಿದ್ರು. ಗೋಡೆ ಗಟ್ಟಿಯಾಗಿ ಕಟ್ಟಿದ್ದೆ.”

ಆರು ಹತ್ತಕ್ಕೆ ದಸ್ತಗಿರಿ ನಮೂದಾಯಿತು. ಸ್ಥಳದ ಪಂಚನಾಮೆಯನ್ನು ಇನ್‌ಸ್ಪೆಕ್ಟರ್ ತಾವೇ ಬರೆದರು. ಕೊನೆಯಲ್ಲಿ, ಸದರಿ ಬಾಗಿಲು ಪ್ರಕರಣದ ಮುಖ್ಯ ಸಾಕ್ಷ್ಯವಾಗಿರುವುದರಿಂದ ನ್ಯಾಯಾಲಯದ ಆದೇಶವಿಲ್ಲದೆ ಅದನ್ನು ಮುಚ್ಚತಕ್ಕದ್ದಲ್ಲ, ಅಡ್ಡ ಏನನ್ನೂ ಇಡತಕ್ಕದ್ದಲ್ಲ ಎಂದು ಸೇರಿಸಿದರು. ಕೇಸು ಮುಗಿಯಲು ಎಷ್ಟು ದಿನ ಬೇಕೆಂದು ಹೆಡ್‌ಮೇಡಂ ಕೇಳಿದರು. ಎಂಟು ವರ್ಷವೂ ಆಗಬಹುದು, ಹತ್ತೂ ಆಗಬಹುದು ಎಂದರು ಇನ್‌ಸ್ಪೆಕ್ಟರ್. ಮೇಡಂ ಪಂಚನಾಮೆಯ ಆ ಕೊನೆಯ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದರು.

ಜೀಪು ಹತ್ತುವಾಗ ಮುದುಕ ಹಿಂತಿರುಗಿ, ಗಾರೆಗೆ ಇನ್ನೂ ಆರು ದಿನ ನೀರು ಬೇಕು ಸಾರ್ ಎಂದ.

ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ದಫೇದಾರರು ಬಕೆಟ್ಟು ಹಿಡಿದು ಹಾಲಿನ ಮುಂಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೂಟು ಕಳಚಿಟ್ಟು ಒಳಗೆ ಹೋದರು.