ಜೂನಿಯ ಕೋವಿದಿಂಬು

"ಡಾಕ್ಟ್ರಮ್ಮಾ, ನಾನು ಹೊಡೀಲಿಲ್ಲ. ನೀವೂ ನಂಬಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಕುದುರೆ ತಿರುಗಿಸ್ಕೊಂಡು ಹೋಗ್ತೀನಿ."

ಜೂನಿ ಎಚೆವೆರಿಯಾ ಬಾಗಿಲಲ್ಲೇ ನಿಂತು ಹೀಗೆಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಮೇಲಿನ ಬೆಟ್ಟದಲ್ಲಿರುವ ವರ್ಡೆಲ್ ಹ್ಯಾಡ್ಲಾಕನ ಬೇಟೆ ಶಿಬಿರದಲ್ಲಿ ಅವಳು ಬೇಟೆಗಾರರಿಗೆ ದಾರಿ ತೋರಿಸುವ ಕೆಲಸ ಮಾಡುತ್ತಿದ್ದಳು. ಕೈಯಲ್ಲಿ ಕಿತ್ತಳೆ ಗಾತ್ರದ ಬಟ್ಟೆಯ ಚೀಲವೊಂದಿತ್ತು; ಮಲಗಿ ಗುರಿಯಿಡುವಾಗ ಕೋವಿಯ ಬುಡದ ಕೆಳಗಿಡುವ ದಿಂಬು ಅದು. ಅದರ ಹೊಲಿಗೆ ಬಿಚ್ಚಿ, ಒಳಗಿನ ಬಿಳಿ ಪ್ಲಾಸ್ಟಿಕ್ ಮಣಿಗಳು ಒಂದೊಂದಾಗಿ ಹೊಸಿಲ ಮೇಲೆ ಉದುರುತ್ತಿದ್ದವು.

ಆರ್ಡಿತ್ ಕ್ವಾಮೆ ನಮ್ಮ ಐಡಾಹೊ ಕಣಿವೆಯ ದನದ ಡಾಕ್ಟರಾಗಿದ್ದವರು. ನಿವೃತ್ತರಾದ ಮೇಲೆ, ಪೊಲೀಸರಿಗೆ ಹೇಳಲು ನಾಚುವ ಸಂಗತಿಗಳನ್ನೆಲ್ಲ ಜನ ಅವರ ಹತ್ತಿರ ತರುತ್ತಿದ್ದರು. ನಾನು ಪಕ್ಕದ ಮನೆಯವ, ಶಾಲೆಯಲ್ಲಿ ಚರಿತ್ರೆ ಕಲಿಸುತ್ತಿದ್ದವ. ಅವರ ಜೊತೆ ಹೋಗಿ, ನೋಡಿ, ಸುಮ್ಮನಿರುವುದು ನನ್ನ ಪಾಲಿನ ಕೆಲಸ.

ಸಂಗತಿ ಇಷ್ಟು. ಶಿಬಿರದ ಕೆಳಗಿನ ಜೌಗಿನಲ್ಲಿ ದೊಡ್ಡ ಕೊಂಬಿನ ಎಲ್ಕ್ ಜಿಂಕೆಯೊಂದು ಸತ್ತು ಬಿದ್ದಿತ್ತು. ಗುಂಡು ಹೊಟ್ಟೆಗೆ ತಾಗಿ ಆಚೆ ಹೋಗಿತ್ತು. ಇಡೀ ರಾತ್ರಿ ನರಳಿರಬೇಕು, ಮಾಂಸ ಕೆಟ್ಟುಹೋಗಿತ್ತು. ವರ್ಡೆಲನ ಶಿಬಿರದ ಕಟ್ಟಳೆ ಎಲ್ಲರಿಗೂ ಗೊತ್ತು: ರಕ್ತ ಕಂಡರೆ ನಿನ್ನ ಬೇಟೆ ಮುಗಿಯಿತು, ಬಂದು ಹೇಳು, ಎಲ್ಲರೂ ಸೇರಿ ಹುಡುಕೋಣ. ಯಾರೂ ಹೇಳಿರಲಿಲ್ಲ. ಜೌಗಿನ ಮೇಲಿನ ಬಂಡೆಯಲ್ಲಿ, ಯಾರೋ ಮಲಗಿ ಗುರಿಯಿಟ್ಟ ಜಾಗದಲ್ಲಿ, ಈ ಮಣಿಗಳು ಚೆಲ್ಲಿದ್ದವು.

"ದಿಂಬು ಅವತ್ತು ಅಡುಗೆ ಡೇರೆಯ ಮೊಳೆಗೆ ನೇತಾಕಿದ್ದೆ. ನಾನು ಹೇಸರಗತ್ತೆ ಹುಡುಕೋಕೆ ಆಚೆ ಹೋಗಿದ್ದೆ, ಒಬ್ಳೇ. ಯಾರೂ ನೋಡಿಲ್ಲ."

"ನಿನ್ನ ಮೇಲೆ ಹೊರಿಸಿದ್ದು ಯಾರು?"

"ಬಾಯ್ಸಿ ಪಟ್ಟಣದಿಂದ ದುಡ್ಡು ಕೊಟ್ಟು ಬೇಟೆಗೆ ಬಂದಿರೋ ಆ ಅತಿಥಿ, ಕೋಲ್ಬಿ ವಿರ್ಟ್ಸ್. ಪ್ರಾಣಿನ ಸಾಯೋಕೆ ಬಿಟ್ಟು ಬಂದವಳು ಅಂತ ಊರಿಗೆಲ್ಲ ಹೇಳಿ ಕಳಿಸಿದಾನೆ. ಇನ್ನು ಈ ಕಣಿವೇಲಿ ಯಾರು ಕೆಲಸ ಕೊಡ್ತಾರೆ ನಂಗೆ?"

"ವರ್ಡೆಲ್ ಏನಂದ?"

ಜೂನಿ ಹೊಸಿಲ ಮೇಲಿನ ಮಣಿಗಳನ್ನು ಬೂಟಿನಿಂದ ಒಟ್ಟುಮಾಡಿದಳು. "ಏನೂ ಅನ್ಲಿಲ್ಲ. ಸ್ವಲ್ಪ ದಿನ ಮನೆಗೆ ಹೋಗಿರು ಅಂದ್ರು, ಅಷ್ಟೇ."

ಆರ್ಡಿತ್ ಕೋಟು ತೊಟ್ಟರು. "ಮೇಷ್ಟ್ರೇ, ಕುದುರೆಗೆ ಜೀನು ಹಾಕಿ."

ಮೂವರೂ ಮೊದಲು ಹೋದದ್ದು ಬಂಡೆಗೆ. ಬಿಸಿಲು ತಾಗದ ಮಗ್ಗುಲಾದ್ದರಿಂದ ಹಿಮ ಕರಗದೆ ಗಟ್ಟಿಯಾಗಿ, ಎಲ್ಲ ಗುರುತೂ ಎರಕ ಹೊಯ್ದಂತೆ ಉಳಿದಿತ್ತು. ಮಲಗಿದವನ ಎದೆ, ಬಲಮೊಣಕೈಯ ಆಳವಾದ ಗುಳಿ, ಕೋವಿಯ ಬುಡವಿದ್ದ ಕಡೆ ಮಣಿಗಳು. ಆ ಮಣಿಗಳ ನಡುವೆ ಬೆರಳ ಗೆಣ್ಣುಗಳು ಊರಿದ ಸಾಲು. ಅದು ಚೊಕ್ಕ ಅಚ್ಚಲ್ಲ, ಅತ್ತಿತ್ತ ಉಜ್ಜಿ ಅಗಲವಾಗಿತ್ತು. ಆರ್ಡಿತ್ ಮಂಡಿಯೂರಿ ಬಹಳ ಹೊತ್ತು ನೋಡಿದರು. ಎದ್ದಾಗ ಅವರ ಮುಖದಲ್ಲಿ ಗೆಲುವಿರಲಿಲ್ಲ.

ಶಿಬಿರದ ಅಡುಗೆ ಡೇರೆಯಲ್ಲಿ ವರ್ಡೆಲ್ ಒಲೆಯ ಪಕ್ಕ ಕೂತು ಕಾಫಿಲೋಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದ. ಯಾವತ್ತೂ ನುಣ್ಣಗೆ ಬೋಳಿಸುತ್ತಿದ್ದ ಮುದುಕ ಈ ಸಲ ಗಡ್ಡ ಬಿಟ್ಟಿದ್ದ. ಮುಷ್ಟಿಯ ಮೇಲೆ ಕೋವಿಯ ಬುಡವಿಟ್ಟು ಅವನು ಹೊಡೆದ ಗುಂಡುಗಳ ಕತೆ ಕೇಳಿಕೊಂಡೇ ಈ ಕಣಿವೆಯ ಮಕ್ಕಳು ಬೆಳೆದಿದ್ದರು.

"ನಾನೂ ಈ ವರ್ಷ ಬೇಟೆಗೆ ಹೋಗೋಣ ಅಂತಿದೀನಿ," ಆರ್ಡಿತ್ ಬೆಂಚಿನ ಮೇಲೆ ಕೂರುತ್ತಾ ಅಂದರು. "ಕೋವಿಯ ಬುಡದ ಕೆಳಗಿಡೋಕೆ ಏನಾದ್ರೂ ಹಗುರವಾದ್ದು ಬೇಕು. ಬೆನ್ನು ಮೊದಲಿನ ಹಾಗಿಲ್ಲ. ಯಾವುದು ತಗೊಳ್ಳಲಿ?"

ಎದುರಿಗೆ ಕೂತಿದ್ದ ಕೋಲ್ಬಿಗೆ ಅಷ್ಟೇ ಸಾಕಾಗಿತ್ತು. ಜೇಬಿನಿಂದ ಮಡಿಚಿದ ರಬ್ಬರಿನ ದಿಂಬು ತೆಗೆದು ಊದಿ ಉಬ್ಬಿಸಿದ. "ಇದು ನೋಡಿ. ಮೊಟ್ಟೆಯಷ್ಟು ತೂಕ ಇಲ್ಲ. ಹೊಲಿಗೆಯಿಲ್ಲ, ಉದುರೋದಿಲ್ಲ." ಕೊನೆಯ ಮಾತು ಜೂನಿಯ ಕಡೆಗಿತ್ತು. ನೆಲಕ್ಕೆ ಮಲಗಿ, ಕೋವಿಯನ್ನು ಎಡಭುಜಕ್ಕಾನಿಸಿ ತೋರಿಸಿದ. ಗುಂಡು ತುಂಬಲು ಎಳೆಯುವ ಅದರ ಬೋಲ್ಟು, ಎಡಚರ ಕೋವಿಗಳಲ್ಲಿರುವಂತೆ, ಎಡಕ್ಕಿತ್ತು.

"ಮುಳ್ಳು ಚುಚ್ಚಿದ್ರೆ ಏನ್ಮಾಡ್ತೀಯ? ಅಜ್ಜಿ ಥರ ತೇಪೆ ಹಾಕ್ತಾ ಕೂರ್ತೀಯಾ?" ಎಂದಳು ಜೂನಿ. ತನ್ನ ಚೀಲಕ್ಕೆ ಪಿನ್ನು ಸಿಕ್ಕಿಸಿ ಅವಳೂ ಮಲಗಿದಳು. "ಮಣಿ ಪೂರ್ತಿ ತುಂಬಬಾರದು ಡಾಕ್ಟ್ರಮ್ಮ. ಚೀಲ ನೆಲದ ಮೇಲಿರಲಿ, ಬುಡ ಅದರ ಮೇಲೆ. ಎಡಗೈಲಿ ಮೆತ್ತಗೆ ಹಿಂಡಿದ್ರೆ ಬುಡ ಏಳುತ್ತೆ, ಸಡಿಲ ಬಿಟ್ರೆ ಇಳಿಯುತ್ತೆ. ಗುರಿ ಕೂತ ಮೇಲೆ ಕೈ ಮರೆತೇಹೋಗುತ್ತೆ."

"ನೀನೇನಂತೀಯ ವರ್ಡೆಲ್?"

"ನನ್ನ ಮುಷ್ಟಿ ಅಂಗಡೀಲಿ ಸಿಗಲ್ಲ ಆರ್ಡಿತ್."

"ತೋರಿಸು, ಕಲೀತೀನಿ."

"ಮಂಡಿ ನೋಯ್ತಿದೆ ಇವತ್ತು."

ಕೋಲ್ಬಿ ನಕ್ಕ. ಬೇರೆ ಯಾರೂ ನಗಲಿಲ್ಲ. ಆರ್ಡಿತ್ ವರ್ಡೆಲನನ್ನೇ ನೋಡುತ್ತಾ ಕೂತರು. ತಾನಾಗಿ ಒಪ್ಪಿಕೊಳ್ಳಲು ಅವರು ಅವನಿಗೆ ಜಾಗ ಬಿಡುತ್ತಿದ್ದಾರೆಂದು ನನಗೆ ಆಮೇಲೆ ಹೊಳೆಯಿತು. ಅವನು ಲೋಟದೊಳಗೇ ನೋಡುತ್ತಿದ್ದ.

"ಹಾಗಾದ್ರೆ ನಾನೇ ಹೇಳ್ತೀನಿ," ಎಂದರು ಆರ್ಡಿತ್. "ಬಂಡೆ ಮೇಲೆ ಬಲಮೊಣಕೈ ಆಳಕ್ಕೆ ಊರಿದೆ, ಎಡಗೈ ಕೋವಿಯ ಬುಡದ ಕೆಳಗಿದೆ. ಬಲಭುಜಕ್ಕೆ ಕೋವಿ ಆನಿಸೋರು ಮಲಗೋ ರೀತಿ ಅದು. ಕೋಲ್ಬಿ, ನೀನು ಎಡಚ. ನಿನ್ನ ಬಾಯಿ ದೊಡ್ಡದು, ಆದ್ರೆ ಗುಂಡು ನಿನ್ನದಲ್ಲ."

"ಮತ್ತಿನ್ಯಾರು? ಅವಳೇ!"

"ಚೀಲ ಅವಳದು ನಿಜ. ಆದ್ರೆ ಈಗ ತಾನೇ ನೋಡಿದ್ಯಲ್ಲ, ಅವಳು ಚೀಲ ಇಡೋದು ನೆಲದ ಮೇಲೆ. ಅವಳ ಗೆಣ್ಣು ನೆಲಕ್ಕೆ ತಾಗೋದೇ ಇಲ್ಲ. ಅಲ್ಲಿ ಹಿಮಕ್ಕೆ ಊರಿರೋದು ಮುಷ್ಟಿ. ಹೊಡೆದೋರು ಮೊದಲು ಮುಷ್ಟಿ ಊರಿ, ಅದರ ಮೇಲೆ ಚೀಲ ಇಟ್ಟು, ಅದರ ಮೇಲೆ ಕೋವಿ ಇಟ್ಟಿದಾರೆ. ಗಾಡಿ ಮೇಲೆ ಗಾಡಿ ಹೇರಿದ ಹಾಗೆ. ಬುಡ ಅಲ್ಲಾಡದೆ ಇನ್ನೇನಾಗುತ್ತೆ? ಜಾರದಿರಲಿ ಅಂತ ಬೆರಳು ಮೇಲಕ್ಕೆ ಚಾಚಿ ಬಿಗಿಯಾಗಿ ಹಿಡಿದಾಗ ಹೊಲಿಗೆ ಬಿಚ್ಚಿದೆ. ಚೀಲ ಬಳಸೋಕೆ ಗೊತ್ತಿರೋ ಯಾರೂ ಹಾಗೆ ಮಾಡಲ್ಲ. ಆಯುಷ್ಯವೆಲ್ಲ ಮುಷ್ಟಿಯಲ್ಲೇ ಹೊಡೆದು, ಚೀಲದವರನ್ನ ಗೇಲಿ ಮಾಡಿ, ಹೇಗೆ ಅಂತ ಕೇಳೋಕೆ ನಾಚಿದೋರು ಮಾತ್ರ ಮಾಡ್ತಾರೆ."

ಆರ್ಡಿತ್ ವರ್ಡೆಲನ ಕಡೆಗೆ ತಿರುಗಿದರು.

"ಮುಷ್ಟಿ ಇದ್ದೋರಿಗೆ ಚೀಲ ಯಾಕೆ ಬೇಕಾಯ್ತು?" ಆರ್ಡಿತರ ದನಿ ತಗ್ಗಿತು. "ಗೆಣ್ಣಿನ ಗುರುತು ಉಜ್ಜಿಹೋಗಿದೆ. ಕೈ ನಿಂತಲ್ಲಿ ನಿಂತಿಲ್ಲ. ಬೋಳಿಸೋ ಕತ್ತಿ ಹಿಡಿಯೋಕಾಗದೆ ಗಡ್ಡ ಬಂದಿದೆ, ಲೋಟಕ್ಕೆ ಎರಡು ಕೈ ಬೇಕಾಗಿದೆ. ಇನ್ನೊಂದು. ತಟ್ಟೆ ತೊಳೀಲಿಲ್ಲ ಅಂತ ಅತಿಥಿಗಳನ್ನೇ ಓಡಿಸಿದವನು ನೀನು. ಒಂದು ಪ್ರಾಣಿ ನರಳಿ ಸತ್ತಾಗ ಈ ಹುಡುಗಿಯನ್ನ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಉತ್ತರ ಗೊತ್ತಿದ್ದೋನು ಕೇಳೋದೇನು?"

ವರ್ಡೆಲ್ ಲೋಟವನ್ನು ಕೆಳಗಿಟ್ಟ. ಬೆಂಚಿಗೆ ಅದು ಟಕಟಕ ಬಡಿದು ನಿಂತಿತು.

"ತಾಗಿದ ಸದ್ದು ಕೇಳಿಸ್ತು," ಎಂದ. "ಅದರ ಜಾಡು ಹಿಡಿದು ಹೋದೆ. ಕತ್ತಲಾಯ್ತು. ಬಂದು ಎಲ್ಲರನ್ನೂ ಕರೀಬೇಕಿತ್ತು. ಕರೆದ್ರೆ ಹೇಗೆ ಹೊಡೆದೆ ಅಂತ ಕೇಳ್ತಿದ್ರಿ. ಚೀಲ ಮೊಳೆಗೆ ವಾಪಸ್ ಹಾಕಿದೆ. ಬೆಳಗಾದ್ಮೇಲೆ ಹೇಳೋಣ ಅಂದ್ಕೊಂಡೆ. ಬೆಳಗಾಗೋಷ್ಟರಲ್ಲಿ ಇವನು ಜೂನಿ ಹೆಸರು ಹಿಡಿದಿದ್ದ. ಆಗ…"

"ಆಗ ನಿಮಗೆ ಸಲೀಸಾಯ್ತು," ಎಂದಳು ಜೂನಿ. ಅವಳ ಕಣ್ಣು ಒಣಗಿತ್ತು. "ಕೈ ನಡುಗುತ್ತೆ ಅಂದಿದ್ರೆ ನಾನೇ ಒಂದು ಹೊಲಿದು ಕೊಡ್ತಿದ್ದೆ ತಾತ. ಯಾರಿಗೂ ಹೇಳ್ತಿರ್ಲಿಲ್ಲ. ನೀವು ನನ್ನ ಮುಖ ನೋಡ್ಕೊಂಡು ಕಾಫಿ ಕುಡಿದ್ರಿ."

ಕೋಲ್ಬಿ ಎದ್ದು ಆಚೆ ಹೋದ. ನಾನು ಒಲೆಯ ಬೆಂಕಿ ನೋಡುತ್ತಿದ್ದೆ. ವರ್ಡೆಲನ ತಲೆ ಬಾಗಿದ್ದನ್ನು ನೋಡಿದೆನೆಂದೇ ನನಗೆ ನಾಚಿಕೆಯಾಗಿತ್ತು.

"ಊರಿಗೆ ಹೋಗೋಣ," ಎಂದ ವರ್ಡೆಲ್ ಕೊನೆಗೆ. "ಅರಣ್ಯಾಧಿಕಾರಿಗೆ ಆಮೇಲೆ ಹೇಳ್ತೀನಿ. ಮೊದಲು ಇವಳ ಹೆಸರು ಎಲ್ಲಿ ಕೆಟ್ಟಿದೆಯೋ ಅಲ್ಲಿಗೆ."

ಅದು ಆರಿನ್ ಸ್ಲೇಡನ ದನದ ಮೇವಿನ ಅಂಗಡಿ. ಕಣಿವೆಯ ಗಂಡಸರೆಲ್ಲ ಅಲ್ಲಿ ಒಲೆಯ ಸುತ್ತ ಕೂತು ತೀರ್ಪು ಕೊಡುತ್ತಾರೆ. ವರ್ಡೆಲ್ ಬಾಗಿಲಲ್ಲೇ ನಿಂತು, ಎಡಗೈ ಜೇಬಿನಲ್ಲಿಟ್ಟುಕೊಂಡು, ತಾನೇ ಹೊಡೆದದ್ದು, ತಾನೇ ಬಿಟ್ಟುಬಂದದ್ದು, ಜೂನಿಯದೇನೂ ತಪ್ಪಿಲ್ಲವೆಂದು ಹೇಳಿದ. ಆರ್ಡಿತ್, ಜೂನಿ, ನಾನು ಅವನ ಹಿಂದಿದ್ದೆವು.

ಆರಿನ್ ಪ್ರೀತಿಯಿಂದಲೇ ನಕ್ಕ.

"ಸಾಕು ಮಾರಾಯ. ಹುಡುಗಿ ಉಳೀಲಿ ಅಂತ ತಲೆ ಕೊಡ್ತಿದೀಯ. ದೊಡ್ಡ ಮನುಷ್ಯ ನೀನು. ನಿನ್ನ ಮುಷ್ಟಿ ನಮಗೆ ಗೊತ್ತಿಲ್ವಾ?"

"ಹೌದೌದು," ಎಂದರು ಉಳಿದವರು. ಒಬ್ಬ ಎದ್ದು ಅವನಿಗೆ ಕುರ್ಚಿ ಬಿಟ್ಟುಕೊಟ್ಟ. ಇನ್ನೊಬ್ಬ ಜೂನಿಯನ್ನು ನೋಡಿ, ಇಂಥ ಮುದುಕನಿಗೆ ಈ ಗತಿ ತಂದೆಯಲ್ಲ ಎನ್ನುವಂತೆ ತಲೆಯಾಡಿಸಿದ. ಜೂನಿ ಬಾಗಿಲ ಕಡೆಗೆ ತಿರುಗಿದಳು.

ವರ್ಡೆಲ್ ಕುರ್ಚಿಯಲ್ಲಿ ಕೂರಲಿಲ್ಲ. ಒಲೆಯ ಹತ್ತಿರ, ಬೆಳಕಿದ್ದ ಕಡೆಗೆ ನಡೆದ. ಎಡಗೈಯನ್ನು ಜೇಬಿನಿಂದ ತೆಗೆದು, ಯಾವ ಆಸರೆಯೂ ಇಲ್ಲದೆ ಅವರ ಮುಂದೆ ಚಾಚಿದ.

ಆರಿನನ ನಗು ಇಂಗಿತು. ಒಬ್ಬೊಬ್ಬರಾಗಿ ನೆಲ ನೋಡತೊಡಗಿದರು.

"ತಲೆ ಎತ್ತಿ," ಎಂದ ವರ್ಡೆಲ್. "ಪ್ರತಿಯೊಬ್ಬರೂ ನೋಡಿ. ಅಲ್ಲೀವರೆಗೂ ಇಳಿಸಲ್ಲ."