ನೆಲ ಹಿಡಿದ ಹಡಗು

ಹೊಳೆಕೋಟೆಯ ರಾಜಧಾನಿ ಮಧ್ಯಾಹ್ನದ ಬಿಸಿಲಿಗೆ ಥಳಥಳಿಸುತ್ತಿತ್ತು. ಉಪ್ಪರಿಗೆಯ ಮೇಲೆ ನಂದಿಧ್ವಜ, ಬಂದರಿನ ತುಂಬ ಮೆಣಸಿನ ಘಾಟು, ಎದುರು ದಡದಲ್ಲಿ ಡಚ್ಚರ ವ್ಯಾಪಾರದ ಕೋಠಿಯ ಬಿಳಿಗೋಡೆ. ಆ ವೈಭವದ ನಡುವೆ ಬೊಮ್ಮು ತಾಂಡೇಲ ಡಚ್ಚರ ಹಡಗಿನ ಚುಕ್ಕಾಣಿಯ ಬಳಿ ನಿಂತಿದ್ದ. ಪರದೇಶದ ಹಡಗುಗಳನ್ನು ಅಳಿವೆಯ ಮರಳುದಿಣ್ಣೆ ತಪ್ಪಿಸಿ ಕಡಲಿಗೆ ದಾಟಿಸುವುದು ಅವನ ವಂಶದ ವೃತ್ತಿ. ಇಂದು ದಾಟಿಸಬೇಕಾದ ಹಡಗಿನ ಒಡಲಲ್ಲಿ ಅರವತ್ತು ಜನರಿದ್ದರು. ಯುದ್ಧದಲ್ಲಿ ಮನೆಮಠ ಕಳೆದುಕೊಂಡು ರಾಣಿ ಸಿದ್ಧಮ್ಮಾಜಿಯ ಆಶ್ರಯ ಬೇಡಿ ಬಂದವರು. ಪ್ರಧಾನಿ ಶಾಂತಮಲ್ಲಯ್ಯ ಅವರನ್ನು ಗುಟ್ಟಾಗಿ ಡಚ್ ಕಪ್ತಾನನಿಗೆ ಗುಲಾಮರಾಗಿ ಮಾರಿದ್ದ.

"ಒಡೆಯಾ, ಒಳಗೆ ಹೆಂಗಸರ ಅಳು ಕೇಳ್ತದೆ," ಎಂದಿದ್ದ ಬೊಮ್ಮು ಬೆಳಿಗ್ಗೆ.

"ಕುರಿ ಅಂದುಕೊ," ಎಂದು ಪ್ರಧಾನಿ ನಕ್ಕಿದ್ದ. "ನಿನ್ನ ಹೆಂಡತಿ ನಮ್ಮ ಮನೆಯಲ್ಲೇ ಕೂತಿದ್ದಾಳೆ, ತಾಂಡೇಲ. ಹಡಗು ಕಡಲು ಸೇರಲಿ, ಕಳಿಸಿಕೊಡುತ್ತೇನೆ. ಬಾಯಿ ಬಿಟ್ಟರೆ ಮುಂದಿನ ಹಡಗಿಗೆ ಅವಳೂ ಸರಕು."

ಅಳಿವೆಯ ನೀರು ಇಳಿಯತೊಡಗಿತ್ತು. ಹಲಗೆಯಡಿಯಿಂದ ಯಾರೋ "ಅಣ್ಣಾ, ಒಂದು ಗುಟುಕು ನೀರು," ಎಂದರು. ಬೊಮ್ಮುವಿಗೆ ಅಜ್ಜ ಹೇಳಿದ್ದ ಕಟ್ಟಳೆ ನೆನಪಾಯಿತು: ಅಳಿವೆಯಲ್ಲಿ ನೆಲ ಹಿಡಿದ ಹಡಗು ಅರಮನೆಯದು; ಅದರ ಒಡಲನ್ನು ಅರಸರ ಕಣ್ಣೆದುರು ಪ್ರಧಾನಿಯೇ ತೆರೆಯಬೇಕು. ಕಟ್ಟಳೆಯ ಉಳಿದರ್ಧವೂ ನೆನಪಾಗಿ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ.

"ಎಡಕ್ಕೆ ತಿರುಗಿಸಿ," ಎಂದ.

"ಎಡಕ್ಕೆ ಯಾಕೆ?" ಕಪ್ತಾನ ಯೋರಿಸ್ ಗುರುಗುಟ್ಟಿದ.

"ಬಲಕ್ಕೆ ಬಂಡೆ ಉಂಟು, ಕಪ್ತಾನರೇ."

ಹಡಗು ಒಮ್ಮೆ ನರಳಿ ದಿಣ್ಣೆಯ ಮೇಲೆ ಕೂತುಬಿಟ್ಟಿತು. ಕಪ್ತಾನನ ಪಿಸ್ತೂಲು ಬೊಮ್ಮುವಿನ ಪಕ್ಕೆಗೆ ಒತ್ತಿತು. ಅವನು ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ, ಹಡಗು ನೆಲ ಹಿಡಿದದ್ದು ಕಂಡು ಕೋಟೆಯ ನಗಾರಿ ಮೊಳಗಿತು, ಫಿರಂಗಿಗಳು ಹಡಗಿನತ್ತ ಹೊರಳಿದವು. ಯೋರಿಸ್ ಪಿಸ್ತೂಲು ಇಳಿಸಿದ.

ರಾಣಿಯ ದೋಣಿ ಬಂತು. ಜೊತೆಗೆ, ಬರದೆ ಗತಿಯಿಲ್ಲದ ಪ್ರಧಾನಿ.

"ಬರೀ ಅಕ್ಕಿ ಮೂಟೆ, ಮಹಾಮಾತೆ. ತಾವೇಕೆ ಶ್ರಮ ಪಡಬೇಕು..."

"ಕಟ್ಟಳೆ, ಪ್ರಧಾನಿಗಳೇ. ತೆಗೆಯಿರಿ."

ಅವನ ಕೈಯಿಂದ ಅಗುಳಿ ಎರಡು ಸಲ ಜಾರಿತು. ಮುಚ್ಚಳ ಎದ್ದಾಗ ಮೊದಲು ಬಂದದ್ದು ದುರ್ವಾಸನೆ. ಆಮೇಲೆ, ಬಿಸಿಲಿಗೆ ಕಣ್ಣು ಮುಚ್ಚಿಕೊಂಡ ಒಬ್ಬಳು ಮುದುಕಿ. ರಾಣಿ ಅವಳ ಕೈಹಿಡಿದು ಮೇಲಕ್ಕೆ ಹತ್ತಿಸಿಕೊಂಡರು. ಪ್ರಧಾನಿಯ ಬೆರಳಿನ ಮುದ್ರೆಯುಂಗುರವನ್ನು ತಾವೇ ಕಳಚಿಕೊಂಡರು. ಭಟರು ಅವನನ್ನೂ ಕಪ್ತಾನನನ್ನೂ ಹಿಡಿದುಕೊಂಡರು.

ಬೊಮ್ಮು ಮಂಡಿಯೂರಿ ಬಲಗೈ ಚಾಚಿದ. "ತಾಯೀ, ಹಡಗು ನೆಲ ಹಿಡಿಸಿದ ತಾಂಡೇಲನ ಕೈ ಕಡಿಯಬೇಕಂತೆ, ಅದೂ ಕಟ್ಟಳೆಯೇ. ಬೇಗ ಮುಗಿಸಿಬಿಡಿ, ಹೆದರಿಕೆ ಆಗ್ತದೆ. ನನ್ನ ಹೆಂಡತಿ ಈ ಪ್ರಧಾನಿಗಳ ಮನೆಯಲ್ಲಿದ್ದಾಳೆ, ಅವಳನ್ನು ಬಿಡಿಸಿ."

ರಾಣಿ ಆ ಚಾಚಿದ ಅಂಗೈಯಲ್ಲಿ ಮುದ್ರೆಯುಂಗುರ ಇಟ್ಟು ಬೆರಳು ಮಡಚಿದರು.

"ಇದನ್ನು ತೋರಿಸಿದರೆ ಯಾವ ಬಾಗಿಲಾದರೂ ತೆರೆಯುತ್ತದೆ. ಹೋಗಪ್ಪಾ, ನೀನೇ ಬಿಡಿಸಿಕೊಂಡು ಬಾ."