ಫಾದರ್ ಸಿರಿಲ್‌ರ ಪಿಸ್ತೂಲು

ಬೆಳಗಿನ ಬಲಿಪೂಜೆಗೆ ಫಾದರ್ ಸಿರಿಲ್ ಮಿನೇಜಸ್ ಬರಲಿಲ್ಲ. ಹತ್ತಿರದ ಊರು ಬೆಲ್‌ರೋಸ್‌ನಿಂದ ಪೂಜೆಗೆ ಬಂದಿದ್ದ ಅವರ ಅಕ್ಕ ಎಮಿಲ್ಡಾ ಹೋಗಿ ಅವರ ಕೋಣೆಯ ಬಾಗಿಲು ತಳ್ಳಿದರು. ಫಾದರ್ ಕುರ್ಚಿಯಲ್ಲಿದ್ದರು. ಬಲಗಿವಿಯ ಮೇಲೆ ಗುಂಡಿನ ತೂತು. ಕಾಲ ಬಳಿ ಪಿಸ್ತೂಲು.

ಡಿಟೆಕ್ಟಿವ್ ಗಗನಾ ಅಮೆರಿಕದ ಹಿಕ್ಸ್‌ವಿಲ್‌ನ ಆ ಚರ್ಚಿಗೆ ಬಂದಾಗ ಉಳಿದ ಪೊಲೀಸರು ತೀರ್ಮಾನಕ್ಕೆ ಬಂದಾಗಿತ್ತು. ಸತ್ತವರು ಹತ್ತು ವರ್ಷದ ಹಿಂದೆ ಆಫ್ಘಾನಿಸ್ತಾನದ ಯುದ್ಧದಲ್ಲಿ ಅಮೆರಿಕನ್ ಸೈನಿಕರ ಪಾದ್ರಿಯಾಗಿದ್ದವರು. ಮೇಜಿನ ಮೇಲೆ ನಿದ್ದೆ ಮಾತ್ರೆ. ಆತ್ಮಹತ್ಯೆ.

"ನಿದ್ದೆ ಇರ್ಲಿಲ್ಲ, ಹೌದು," ಎಂದರು ಎಮಿಲ್ಡಾ. "ಅದಕ್ಕೆ ಸಾಯುವವ ಅಲ್ಲ ಅವ. ನೀವು ಹಾಗೆ ಬರೆದ್ರೆ ಊರಿಗೆ ಫೋನ್ ಮಾಡಿ ನಾನು ಎಂತ ಹೇಳುವುದು ಮಗಾ?"

ಗಗನಾ ಪಿಸ್ತೂಲನ್ನು ತಿರುಗಿಸಿ ನೋಡಿದಳು. ನಂಬರನ್ನು ಯಾರೋ ಉಜ್ಜಿ ತೆಗೆದಿದ್ದರು. ಗೋಡೆಯ ಮೇಲೊಂದು ಫೋಟೋ: ಜೀಪಿನ ಬಾನೆಟ್ಟೇ ಪೂಜೆಯ ಪೀಠ. ಫಾದರ್ ಬರಿಗೈ ಎತ್ತಿ ಆಶೀರ್ವದಿಸುತ್ತಿದ್ದಾರೆ. ಪಕ್ಕದಲ್ಲಿ ರೈಫಲ್ ಹಿಡಿದ ಒಬ್ಬ ಸೈನಿಕ.

* * *

ಫಾದರ್ ಕೊನೆಯ ಕರೆ ಮಾಡಿದ್ದು ಮೋಟೆಲ್ ಮಾಲೀಕ ವಿಕ್ರಾಂತ್‌ಗೆ. ಆತ ಟೌನ್ ಎಲೆಕ್ಷನ್‌ಗೆ ನಿಂತಿದ್ದ. 'ಕಂದಹಾರ್‌ನಲ್ಲಿ ಫಾದರ್ ಸಿರಿಲ್ ಜೊತೆ ಸೇವೆ' ಎನ್ನುತ್ತಿತ್ತು ಅವನ ಪೋಸ್ಟರ್.

"ಏನ್ ಮಾತಾಡಿದ್ರು?"

"ಮೆಮೋರಿಯಲ್ ಡೇ ಭಾಷಣದ ಬಗ್ಗೆ. ತುಂಬಾ ಡಿಪ್ರೆಸ್ ಆಗಿದ್ರು ಮೇಡಂ."

"ಪಿಸ್ತೂಲು ಅವರದೇನಾ?" ಗಗನಾ ಅದರ ಫೋಟೋ ತೋರಿಸಿದಳು.

"ಅವರದೇ. ವಾರ್‌ನಲ್ಲಿ ಯಾವಾಗ್ಲೂ ಸೊಂಟದಲ್ಲಿರ್ತಿತ್ತು. ಪೂಜೆ ಮಾಡುವಾಗ್ಲೂ ತೆಗೀತಿರ್ಲಿಲ್ಲ. ಕಣ್ಣಾರೆ ನೋಡಿದೀನಿ."

"ಗ್ಯಾರಂಟಿನಾ?"

"ಒಂದೇ ಕ್ಯಾಂಪ್ ರೀ ನಾವು! ನಮ್ಮ ಮೈಸೂರಿನವರಾಗಿ ನನ್ನನ್ನೇ ಡೌಟ್ ಮಾಡ್ತೀರಲ್ಲ."

ಹೊರಡುವಾಗ ಗಗನಾ ಮೋಟೆಲ್ ಕೌಂಟರಿನಲ್ಲಿದ್ದ ಕೆಲಸಗಾರ ತಿಪ್ಪಣ್ಣನನ್ನು ಮಾತಾಡಿಸಿದಳು. "ಒಬ್ಬರೇ ಕೂತಿರ್ತೀರಲ್ಲ ಅಂಕಲ್, ಭಯ ಆಗಲ್ವಾ?"

"ಇಲ್ಲೇ ಕೆಳಗ ಸಾಹೇಬ್ರ ಪಿಸ್ತೂಲ್ ಇರ್ತಿತ್ರಿ. ಈಗ ಕಾಣವಲ್ದು."

* * *

ಲ್ಯಾಬಿನ ವರದಿ ಬಂದ ದಿನ ಗಗನಾ ವಿಕ್ರಾಂತ್‌ನನ್ನು ಫಾದರ್ ಕೋಣೆಗೆ ಕರೆಸಿದಳು. ಎಮಿಲ್ಡಾ ಬಾಗಿಲ ಬಳಿ ನಿಂತಿದ್ದರು.

"ಸಾಯೋಕೆ ಹೊರಟವನು ಪಿಸ್ತೂಲಿನ ನಂಬರ್ ಯಾಕೆ ಉಜ್ಜುತ್ತಾನೆ? ಉಜ್ಜಿದ್ದನ್ನ ಆ್ಯಸಿಡ್ ಹಾಕಿ ಓದಬಹುದು, ವಿಕ್ರಾಂತ್. ಮೂರು ವರ್ಷದ ಹಿಂದೆ ಪೆನ್ಸಿಲ್ವೇನಿಯಾದಲ್ಲಿ ನೀವೇ ಕೊಂಡ ಪಿಸ್ತೂಲು ಇದು."

"ಅದು ಕಳುವಾಗಿತ್ತು!"

"ಮೂರು ವರ್ಷದ ಹಿಂದೆ ಕೊಂಡಿದ್ದನ್ನ ಯುದ್ಧದಲ್ಲಿ ಫಾದರ್ ಸೊಂಟದಲ್ಲಿ ಹೇಗೆ ನೋಡಿದ್ರಿ?"

ಗಗನಾ ಗೋಡೆಯ ಫೋಟೋ ತೋರಿಸಿದಳು. "ಸೈನ್ಯದ ಪಾದ್ರಿ ಆಯುಧ ಹಿಡಿಯೋ ಹಾಗಿಲ್ಲ. ಅದಕ್ಕೇ ಪಕ್ಕದಲ್ಲಿ ರೈಫಲ್ ಹಿಡಿದ ಕಾವಲಿನವನು. ಕ್ಯಾಂಪ್‌ನಲ್ಲಿ ಒಂದು ದಿನ ಇದ್ದವನಿಗೂ ಇದು ಗೊತ್ತಿರುತ್ತೆ. ನೀವು ಅಲ್ಲಿಗೆ ಹೋಗೇ ಇಲ್ಲ. ನಿಮ್ಮ ಪೋಸ್ಟರ್ ಸುಳ್ಳು ಅಂತ ಫಾದರ್‌ಗೆ ಗೊತ್ತಿತ್ತು."

"ಒಂದು ಪೋಸ್ಟರ್ ರೀ!" ವಿಕ್ರಾಂತ್ ಕಿರುಚಿದ. "ತೆಗೆಯದಿದ್ರೆ ಭಾನುವಾರ ಎಲ್ಲರ ಮುಂದೆ ಹೇಳ್ತೀನಿ ಅಂದ್ರು. ಒಂದು ಪೋಸ್ಟರ್‌ಗೆ!"

ಪೊಲೀಸರು ಅವನಿಗೆ ಕೋಳ ತೊಡಿಸಿದರು. ಎಮಿಲ್ಡಾ ತಿರುಗಿಯೂ ನೋಡಲಿಲ್ಲ. ಅವರು ಆಗಲೇ ಊರಿಗೆ ಫೋನ್ ಹಚ್ಚಿದ್ದರು.

"ಹಲೋ, ನಾನು ಎಮಿಲ್ಡಾ. ನಮ್ಮ ಸಿರಿಲ್ ತಾನೇ ಸತ್ತದ್ದಲ್ಲ, ಅವನನ್ನು ಕೊಂದದ್ದು."